ಹೋಗುವ ಒಡಲಿಗೆ ಯಾಕಿಷ್ಟು ಮಾತ್ರೆ?



ಇಂದಿನ ಚಿಂತನೆಯ ಸರದಿ ನನ್ನದು. ಸುತ್ತಗಳ ಜೊತೆಗೆ ಇವತ್ತು ಮಾತ್ರೆ, ಮೂತ್ರ, ರಕ್ತದ ಮಾತೂ ಬರುತ್ತದೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಎರಡು ವರ್ಷದ ಹಿಂದೆ ನಮ್ಮ ಭಾನುವಾರದ ಕೂಟದಲ್ಲಿ ನಾನು ಅನಿತ್ಯದ ಬಗ್ಗೆ ಮಾತಾಡಿದ್ದು ಕೆಲವರಿಗೆ ನೆನಪಿರಬಹುದು. ಹುಟ್ಟಿದ್ದೆಲ್ಲ ಅಳಿಯುತ್ತದೆ, ಈ ದೇಹವೂ ಹಾಗೆಯೇ ಎಂದು ಮುಕ್ಕಾಲು ಗಂಟೆ ಹೇಳಿದ್ದೆ. ಕನ್ನಡ ಎಂ.ಎ. ಮಾಡಿದವಳಲ್ಲವೇ, ಮಾತಿಗೆ ಬರವಿರಲಿಲ್ಲ. ಎಲ್ಲ ಮುಗಿದು ಚಹಾ ಕುಡಿಯುವಾಗ ನನ್ನ ಸೋದರಮಾವ ಹತ್ತಿರ ಬಂದು, "ಚೆನ್ನಾಗಿ ಹೇಳ್ದೆ ಕೂಸೇ. ಅದಕ್ಕೇ ನಾನು ಶುಗರ್ ಮಾತ್ರೆ ಬುಟ್ಬುಟ್ಟಿವ್ನಿ. ನೋವಿಲ್ಲ, ನೆವೆಯಿಲ್ಲ. ಹೋಗೋ ಒಡಲಿಗೆ ಯಾಕಿಷ್ಟು ಮಾತ್ರೆ?" ಎಂದರು.

ನಾನು ನಕ್ಕೆ. ನನ್ನ ಮಾತು ಒಬ್ಬ ಗಾರೆ ಮೇಸ್ತ್ರಿಯ ಬದುಕಿನೊಳಗೆ ಇಳಿದಿದೆ ಎಂದು ಒಳಗೊಳಗೇ ಹಿಗ್ಗಿದೆ. ಆ ಮಾತನ್ನು ಮುಂದೆ ಎರಡು ಕಡೆ ಉದಾಹರಣೆಯಾಗಿ ಹೇಳಿದ್ದೂ ಉಂಟು.

ಈಗ ಮಾವನಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್. ಮಂಗಳವಾರ ಮತ್ತು ಶುಕ್ರವಾರ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಹೋಗಿ ಬರುವುದು ಸೇರಿಸಿದರೆ ದಿನವೇ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ಲಿಲ್ಲ, ನಿಜ. ಆದರೆ ಅತ್ತೆ ಜೊತೆಗೆ ಹೋಗಲೇಬೇಕು, ಆ ಎರಡು ದಿನ ಅವರಿಗೆ ಕೂಲಿಯಿಲ್ಲ. ಮೊನ್ನೆ ನಾನು ಜೊತೆಗೆ ಹೋಗಿದ್ದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅತ್ತೆ ನನ್ನ ಮುಖ ನೋಡದೆ ಹೇಳಿದರು: "ಅವತ್ತು ನೀನು ಒಂದು ಮಾತು 'ತಕೊ ಮಾವ' ಅಂದಿದ್ರೆ ತಕತಿದ್ರು ಕಣವ್ವ. ನಿನ್ನ ಮಾತು ಅಂದ್ರೆ ಅವರಿಗೆ ಬಾಬಾಸಾಹೇಬರ ಮಾತಿದ್ದಂಗೆ."

ಉತ್ತರ ಹೊಳೆಯಲಿಲ್ಲ. ಈ ಬರಹ ಆ ಬೆಂಚಿನಿಂದ ಶುರುವಾದದ್ದು.

ನ್ಯಾಯವಾಗಿ ನೋಡಿದರೆ ಒಂದೆರಡು ವರ್ಷ ಮಾತ್ರೆ ಬಿಟ್ಟಿದ್ದೊಂದೇ ಮಾವನ ಕಿಡ್ನಿಯನ್ನು ಕೆಡಿಸಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬಂದು 14 ವರ್ಷ. ಬಿಪಿಯೂ ಇತ್ತು, ಬೀಡಿಯೂ ಇತ್ತು. ಇನ್ನೊಂದು ಸಂಗತಿ ನನಗೆ ಆಮೇಲೆ ಗೊತ್ತಾಯಿತು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ಅವರು ವರ್ಷಗಟ್ಟಲೆ ನುಂಗಿದ್ದರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಮೊದಲೇ ಸೋತ ಕಿಡ್ನಿಯನ್ನು ಇನ್ನಷ್ಟು ಸೋಲಿಸುತ್ತವೆ. ನೋವಿದ್ದ ಮಂಡಿಗೆ ಮಾತ್ರೆ ಬೇಕಾಗಿತ್ತು, ನೋವಿಲ್ಲದ ಕಿಡ್ನಿಗೆ ಅನಿತ್ಯ ಸಾಕಾಗಿತ್ತು. ಮಾವನನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನಾವೆಲ್ಲರೂ ತತ್ವವನ್ನು ಬಳಸುವುದು ಹೆಚ್ಚುಕಡಿಮೆ ಹೀಗೆಯೇ, ನೋವಾಗದ ಕಡೆಗೆ.

ಹಾಗಾದರೆ ಮಾವನ ಪ್ರಶ್ನೆಗೆ ಉತ್ತರವೇನು? ಪ್ರಶ್ನೆ ಹಗುರವಾದದ್ದಲ್ಲ. ಹೋಗುವುದಂತೂ ಖಚಿತ. ಹಾಗಿರುವಾಗ ಒಡಲಿನ ಚಾಕರಿಯಲ್ಲಿ ದಿನ ಕಳೆಯುವುದು ಅಂಟಿಕೊಳ್ಳುವಿಕೆ ಆಗುವುದಿಲ್ಲವೇ?

ನಾನು ಆ ಭಾನುವಾರ ಅನಿತ್ಯವನ್ನು ಅರ್ಧ ಮಾತ್ರ ಹೇಳಿದ್ದೆ ಎಂದು ಈಗ ಅನ್ನಿಸುತ್ತದೆ. ಎಲ್ಲವೂ ಬದಲಾಗುತ್ತದೆ ಎಂದೆ. ಏನರಿಂದ ಬದಲಾಗುತ್ತದೆ ಎಂದು ಹೇಳಲಿಲ್ಲ. ಬುದ್ಧರು ಹೇಳಿದ್ದು ಕಾರಣದಿಂದ ಹುಟ್ಟಿದ್ದು ಕಾರಣ ಬದಲಾದರೆ ಬದಲಾಗುತ್ತದೆ ಎಂದು. ಕಾರಣವನ್ನು ಕಿತ್ತು ಬರೀ ಬದಲಾವಣೆಯನ್ನು ಇಟ್ಟುಕೊಂಡರೆ ಅದು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದ್ದ ಹಣೆಬರಹವೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮ್ಮ ಜನ ಬಿಟ್ಟು ಎದ್ದು ಬಂದ ಹಣೆಬರಹ, ಪಾಲಿ ಹೆಸರಿಟ್ಟುಕೊಂಡು ನಮ್ಮ ಕೂಟಕ್ಕೆ ವಾಪಸು ಬಂದು ಕೂತಿತ್ತು. ಅದಕ್ಕೆ ಚಾಪೆ ಹಾಸಿದವಳು ನಾನು.

ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಇದನ್ನೇ ಕೇಳುತ್ತಾನೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನೆನ್ನುತ್ತೀರಿ ಎಂದು. ಬುದ್ಧರು ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾದದ್ದು, ದೇಹವನ್ನು ಸರಿಯಾಗಿ ನೋಡಿಕೊಳ್ಳದಿದ್ದದ್ದು, ಹೊರಗಿನ ಪೆಟ್ಟು ಎಂದು ಏಳನ್ನು ಎಣಿಸಿ, ಎಂಟನೆಯದಾಗಿ ಕರ್ಮವನ್ನು ಹೇಳುತ್ತಾರೆ. ಎಲ್ಲಕ್ಕೂ ಹಿಂದಿನದೇ ಕಾರಣ ಎನ್ನುವವರು ತಾವೇ ಕಣ್ಣಾರೆ ಕಂಡದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎನ್ನುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋಗಿ, ಹಿಂದಿನ ಜನ್ಮದ ಕರ್ಮ ಎಂಬ ಮಾತು ಬಡವರ ಸ್ಥಿತಿಗೆ ಸಮಾಜವೂ ರಾಜ್ಯವೂ ಹೊಣೆಯಲ್ಲ ಎಂದು ಜಾರಿಕೊಳ್ಳಲಿಕ್ಕೆ ಹುಟ್ಟಿದ್ದು ಎಂದು ಸಂಶಯಪಟ್ಟರು. ಈ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ.

ಕಾರಣಗಳನ್ನು ನೋಡೋಣ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಸೋಸುಕಗಳಿವೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ, ಜೊತೆಗೆ ಬಿಪಿಯೂ ಸೇರಿದರೆ ಆ ಸೋಸುಕಗಳ ಒಳಗಿನ ಒತ್ತಡ ಏರುತ್ತದೆ. ವರ್ಷಾನುಗಟ್ಟಲೆ ಆ ಒತ್ತಡ ತಿಂದು ಜರಡಿ ಹರಿಯುತ್ತದೆ, ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಈ ಹೊತ್ತಿನಲ್ಲಿ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಕೆಲಸ ನಡೆಯುತ್ತದೆ. ರಕ್ತದ ಕ್ರಿಯಾಟಿನಿನ್ ಕೂಡ ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವವರೆಗೆ ಸರಿಯಾಗೇ ಇರುವಂತೆ ಕಾಣಬಹುದು. ಕಾಲು ಊದಿ, ಉಸಿರು ಕಟ್ಟಿ, ಬಾಯಿ ಕಹಿಯಾಗಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಉಳಿದಿರುವುದು ಸ್ವಲ್ಪವೇ.

ಹೃದಯದ ಕಥೆ ಬೇರೆಯದಲ್ಲ. ಕಿಡ್ನಿಯ ಸಣ್ಣ ರಕ್ತನಾಳವನ್ನು ಕೆಡಿಸುವ ಕಾರಣಗಳೇ ಹೃದಯದ ರಕ್ತನಾಳವನ್ನೂ ಕೆಡಿಸುತ್ತವೆ. ಕಿಡ್ನಿ ಸೋತಷ್ಟೂ ಬಿಪಿ ಏರುತ್ತದೆ, ಬಿಪಿ ಏರಿದಷ್ಟೂ ಹೃದಯ ಸೋಲುತ್ತದೆ, ಹೃದಯ ಸೋತರೆ ಕಿಡ್ನಿಗೆ ರಕ್ತ ಸಾಲದು. ಪ್ರತೀತ್ಯಸಮುತ್ಪಾದವನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರಲ್ಲಿ ಎಷ್ಟೋ ಜನ ಡಯಾಲಿಸಿಸ್ ತನಕ ಬರುವುದೇ ಇಲ್ಲ, ಅದಕ್ಕೆ ಮೊದಲೇ ಹೃದಯ ನಿಲ್ಲುತ್ತದೆ. ನರಗಳೂ ಸೂಕ್ಷ್ಮ ಕಳೆದುಕೊಂಡಿದ್ದರೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಿಬಿಡಬಹುದು. ಬರೀ ಬೆವರು, ಸುಸ್ತು, ಉಬ್ಬಸ. ನಮ್ಮ ಜನ ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತಾರೆ.

"ನೋವಿಲ್ಲ" ಎನ್ನುವ ಮಾವನ ಮಾತಿಗೆ ಉತ್ತರ ಇಲ್ಲಿದೆ. ದುಃಖ ಎಂಬ ಪದವನ್ನು ನಾವು ನೋವು ಎಂದಷ್ಟೇ ಓದಿದರೆ ಮೊದಲ ಸತ್ಯವೇ ಕೈತಪ್ಪುತ್ತದೆ. ನೋವಾಗದಿರುವಾಗಲೇ ಇರುವ ದುಃಖವನ್ನು ಕಾಣಬೇಕು ಎಂಬುದಕ್ಕೇ ಅಲ್ಲವೇ ಅದನ್ನು ಸತ್ಯ ಎಂದು ಕರೆದದ್ದು? ಅದನ್ನು ಕಾಣದಿರುವುದು ಅವಿಜ್ಜೆ. ಈ ಕಾಯಿಲೆಯ ಮಟ್ಟಿಗೆ ಅವಿಜ್ಜೆಯನ್ನು ಕಳೆಯಲು ಧ್ಯಾನ ಬೇಕಿಲ್ಲ, ಒಂದು ಸಣ್ಣ ಡಬ್ಬಿಯಲ್ಲಿ ಮೂತ್ರ ಕೊಟ್ಟರೆ ಸಾಕು. ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ಎಂಬ ಪರೀಕ್ಷೆ ಅದು. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಎಂದರೆ ಸೋರಿಕೆ ಶುರುವಾಗಿದೆ. ಅದಕ್ಕೂ ಮೇಲೆ ಎಂದರೆ ಜೋರಾಗಿದೆ. ಒಂದು ಸಲ ಹೆಚ್ಚು ಬಂದರೆ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳುತ್ತಾರೆ. ಇದನ್ನೂ, ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಇಜಿಎಫ್‌ಆರ್ ಎಂಬ ಸಂಖ್ಯೆಯನ್ನೂ ಟೈಪ್ 2 ಸಕ್ಕರೆ ಕಾಯಿಲೆ ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಬೇಕು.

ಮಾವನಿಗೆ 14 ವರ್ಷದಲ್ಲಿ ಒಮ್ಮೆಯೂ ಆ ಪರೀಕ್ಷೆ ಆಗಿರಲಿಲ್ಲ. ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನನಗೂ ಆಗಿರಲಿಲ್ಲ. ನನಗೆ ಶುಗರ್ ಬಂದು ಮೂರು ವರ್ಷ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿಸಿ, 130 ಬಂದರೆ ಪರೀಕ್ಷೆ ಪಾಸಾದಂತೆ ಮನೆಗೆ ಬರುತ್ತಿದ್ದೆ. ಆಸ್ಪತ್ರೆಯ ಬೆಂಚಿನಿಂದ ಎದ್ದು ಬಂದ ವಾರ ಮೂತ್ರ ಕೊಟ್ಟೆ. 86 ಬಂತು. ಮತ್ತೆ ಮಾಡಿಸಿದಾಗಲೂ ಆಸುಪಾಸು ಅಷ್ಟೇ. ಆ ಚೀಟಿ ಹಿಡಿದು ನಿಂತಾಗ ಅನಿತ್ಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದವಳಿಗೆ ಕಾಲು ನಡುಗಿತು.

ನಮ್ಮ ಕೂಟದಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ. ಬಾಬಾಸಾಹೇಬರು ತಮ್ಮ ದೇಹ ನೋಡಿಕೊಂಡರೇ, ನಮಗಾಗಿ ಸವೆಸಲಿಲ್ಲವೇ, ನಾವೂ ಹಾಗೆಯೇ ಎಂದು. ಈ ಮಾತನ್ನು ಗೌರವದಿಂದಲೇ ಒಪ್ಪಲಾರೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ನರಗಳ ನೋವಿತ್ತು, ಕಣ್ಣು ಮಂಜಾಗಿತ್ತು. 1954ರಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. 1948ರಲ್ಲಿ ಅವರು ಮದುವೆಯಾದ ಸವಿತಾ ಅವರು ವೈದ್ಯೆ, ಅವರ ಆರೈಕೆಯನ್ನು ಬಾಬಾಸಾಹೇಬರು ಪಡೆದರು, ಇನ್ಸುಲಿನ್ ತೆಗೆದುಕೊಂಡರು. ಆ ಕಾಲಕ್ಕೆ ಇದ್ದದ್ದೇ ಅಷ್ಟು. ಇವತ್ತು ಹೋಬಳಿ ಆಸ್ಪತ್ರೆಯಲ್ಲೂ ಸಿಗುವ ಮೆಟ್‌ಫಾರ್ಮಿನ್ ಬಗ್ಗೆ ಫ್ರಾನ್ಸಿನ ಜಾನ್ ಸ್ಟೆರ್ನ್ ಎಂಬ ವೈದ್ಯ ಬರೆದದ್ದು 1957ರಲ್ಲಿ, ಬಾಬಾಸಾಹೇಬರು ಹೋದ ಮರುವರ್ಷ. ಕಿಡ್ನಿ ಕಾಯುವ ಬಿಪಿ ಮಾತ್ರೆಗಳು, ಕೊಲೆಸ್ಟ್ರಾಲಿನ ಸ್ಟಾಟಿನ್ ಎಲ್ಲವೂ 1980ರ ದಶಕದಿಂದ ಈಚಿನವು. ದೀಕ್ಷೆಗೂ ಪರಿನಿಬ್ಬಾಣಕ್ಕೂ ನಡುವೆ ಅವರಿಗೆ ಸಿಕ್ಕಿದ್ದು 53 ದಿನ. 'ಬುದ್ಧ ಮತ್ತು ಆತನ ಧಮ್ಮ' ಅಚ್ಚಾಗಿ ಬಂದದ್ದನ್ನು ಅವರು ನೋಡಲಿಲ್ಲ. ಅವರಿಗೆ ಇನ್ನೂ ಹತ್ತು ವರ್ಷ ಸಿಕ್ಕಿದ್ದರೆ ಎಂದು ಪ್ರತಿ ಡಿಸೆಂಬರ್ 6ಕ್ಕೆ ನಾವೇ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಹಾಗೆ ಹೇಳುವ ಬಾಯಿ, ಸಿಕ್ಕ ಮಾತ್ರೆಯನ್ನು ನುಂಗಲು ಬೇಸರ ಪಡಬಾರದು.

ಈಗ ಸಿಗುವುದು ಏನೇನು ಎಂದು ಚುಟುಕಾಗಿ ಹೇಳುತ್ತೇನೆ. ನಾನು ವೈದ್ಯೆಯಲ್ಲ, ನಿಮ್ಮ ವೈದ್ಯರ ಬಳಿ ಕೇಳಲು ಬೇಕಾದ ಹೆಸರುಗಳಷ್ಟೇ ಇವು. ಬಿಪಿಯನ್ನು 130/80ರ ಕೆಳಗೆ ಇಡುವುದು. ಅದಕ್ಕೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಮೂತ್ರದ ಸೋರಿಕೆಯನ್ನೂ ತಗ್ಗಿಸುತ್ತವೆ. ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೆ ಹೃದಯದ ತೊಂದರೆ ಇಲ್ಲದಿದ್ದರೂ ಸಾಮಾನ್ಯವಾಗಿ ಸ್ಟಾಟಿನ್ ಕೊಡುತ್ತಾರೆ. ಮೂರನೆಯದು ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಲೆಂದು ಮಾಡಿದ ಔಷಧಿ ಇದು. ಹೊಸ ಸಕ್ಕರೆ ಔಷಧಿಗಳು ಹೃದಯಕ್ಕೆ ಕೆಡುಕು ಮಾಡುತ್ತವೆಯೇ ಎಂದು ಪರೀಕ್ಷಿಸಬೇಕೆಂದು 2008ರಲ್ಲಿ ಅಮೆರಿಕದ ಔಷಧ ಇಲಾಖೆ ಹೇಳಿತ್ತು. ಹಾಗೆ ಕೆಡುಕು ಹುಡುಕಲು ಹೋದವರಿಗೆ ಒಳಿತು ಸಿಕ್ಕಿತು. 2015ರಲ್ಲಿ ಬಂದ ಎಂಪಾಗ್ಲಿಫ್ಲೋಜಿನ್ ಅಧ್ಯಯನದಲ್ಲಿ, ಮೊದಲೇ ಹೃದಯ ಮತ್ತು ರಕ್ತನಾಳದ ತೊಂದರೆ ಇದ್ದವರಲ್ಲಿ ಅದರಿಂದಾಗುವ ಸಾವು ಶೇ. 38ರಷ್ಟು ಕಡಿಮೆಯಾಗಿತ್ತು. ಇದೇ ಜಾತಿಯ ಕೆನಾಗ್ಲಿಫ್ಲೋಜಿನ್ ಕಿಡ್ನಿಯನ್ನೂ ಕಾಯುತ್ತದೆ ಎಂದು 2019ರ ಅಧ್ಯಯನ ತೋರಿಸಿತು. ಸೋಸುಕದ ಒಳಗಿನ ಒತ್ತಡ ಇಳಿಸುವುದು ಇದರ ಗುಟ್ಟು. ಗುಪ್ತಾಂಗದಲ್ಲಿ ತುರಿಕೆ, ಸೋಂಕು ಬರಬಹುದು, ಸ್ವಚ್ಛತೆ ಬೇಕು. ವಾಂತಿ ಭೇದಿಯಾಗಿ ಊಟ ಬಿಟ್ಟ ದಿನ ಇದನ್ನು ನಿಲ್ಲಿಸಬೇಕೇ ಎಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಈಗ ಬಾಬಾಸಾಹೇಬರ ಆ ಎರಡನೆಯ ಮಾತು. "ನಿನ್ನ ದೇಹ ನಿನ್ನ ಹೊಣೆ" ಎಂದು ಬಡವರಿಗೆ ಬೋಧಿಸುವುದು ಹಳೆಯ ಕರ್ಮಸಿದ್ಧಾಂತದ ತಮ್ಮನೇ ಅಲ್ಲವೇ? ಈ ಅನುಮಾನ ನನ್ನನ್ನು ಬಿಟ್ಟಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಬಿಸಿಲಲ್ಲಿ ಗಾರೆ ಹೊರುವವನಿಗೆ ವಾಕಿಂಗ್ ಹೋಗು ಎನ್ನುವುದು, ಪಡಿತರದ ಅಕ್ಕಿಯಲ್ಲೇ ಸಂಸಾರ ತೂಗಿಸುವವಳಿಗೆ ಬಾದಾಮಿ ತಿನ್ನು ಎನ್ನುವುದು ಕ್ರೂರ. ಎಂಪಾಗ್ಲಿಫ್ಲೋಜಿನ್ ಪೇಟೆಂಟಿನಲ್ಲಿದ್ದಾಗ ಒಂದು ಮಾತ್ರೆಗೆ 60 ರೂಪಾಯಿ ಆಸುಪಾಸು ಇತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ 10 ರೂಪಾಯಿ ಆಸುಪಾಸಿಗೆ ಬಂತು. ಅದೇ ಗುಳಿಗೆ. ಅಲ್ಲಿಯವರೆಗೆ ಅದಿಲ್ಲದೆ ಕಿಡ್ನಿ ಕಳೆದುಕೊಂಡವರ ತಪ್ಪೇನಿತ್ತು?

ಹಾಗಾಗಿ ಯಾರ ಮುಂದೆ ಯಾವ ಮಾತು ಎಂಬುದು ಮುಖ್ಯ ಎಂದುಕೊಂಡಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ನಿಂತಾಗ ಮೂತ್ರದ ಪರೀಕ್ಷೆ ಯಾಕಿಲ್ಲ, ಮಾತ್ರೆ ತಿಂಗಳಿಗೆ ಸಾಲುವಷ್ಟು ಯಾಕೆ ಕೊಡುವುದಿಲ್ಲ ಎಂದು ಕೇಳಬೇಕು, ಒಬ್ಬರೇ ಹೋಗದೆ ಹತ್ತು ಜನ ಹೋಗಿ ಕೇಳಬೇಕು. ದೇಶದಲ್ಲಿ ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜು ಮಾಡಿದೆ. ಇಷ್ಟು ಜನರ ಕಾಯಿಲೆ ಬರೀ ಅವರವರ ನಾಲಿಗೆಯ ತಪ್ಪಾಗಿರಲಾರದು. ಆದರೆ ರಾತ್ರಿ ತಟ್ಟೆಯ ಮುಂದೆ ಕೂತಾಗ ಸರ್ಕಾರವಿಲ್ಲ, ನಾನಿರುತ್ತೇನೆ. ಅಲ್ಲಿ ಎರಡನೆಯ ಮುದ್ದೆ ಬೇಕೋ ಬೇಡವೋ ಎನ್ನುವುದು ನನ್ನ ಕೈಯಲ್ಲಿದೆ. ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರದು ಎಂದು ನಂಬಿರುವ ಅಣ್ಣಂದಿರು ನಮ್ಮ ಗುಂಪಿನಲ್ಲೇ ಇದ್ದಾರೆ. ರಾಗಿಯೂ ಪಿಷ್ಟವೇ ಅಣ್ಣ, ಅಳತೆ ಬೇಕು. ಒಣಮೀನು, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಲೆಕ್ಕಕ್ಕೆ ಬರುತ್ತದೆ, ಇಡೀ ದಿನಕ್ಕೆ 5 ಗ್ರಾಮಿನೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚದಷ್ಟು.

"ನನ್ನ ದೇಹ, ನನ್ನಿಷ್ಟ" ಎನ್ನುವವರಿಗೆ ನಾನು ಅನತ್ತವನ್ನು ನೆನಪಿಸುವುದಿಲ್ಲ, ನನ್ನ ಅತ್ತೆಯನ್ನು ತೋರಿಸುತ್ತೇನೆ. ಮಾವನ ಕಿಡ್ನಿ ಮಾವನದಷ್ಟೇ ಆಗಿದ್ದರೆ ಅತ್ತೆಯ ಮಂಗಳವಾರ, ಶುಕ್ರವಾರದ ಕೂಲಿ ಯಾಕೆ ಹೋಗುತ್ತಿತ್ತು?

ಕೋಸಲ ಸಂಯುತ್ತದಲ್ಲಿ ಪಸೇನದಿ ರಾಜನ ಒಂದು ಪುಟ್ಟ ಕಥೆಯಿದೆ. ರಾಜ ಒಂದು ಊಟಕ್ಕೆ ದ್ರೋಣದಷ್ಟು ಅನ್ನ ಉಣ್ಣುತ್ತಿದ್ದ. ಉಂಡು ಏದುಸಿರು ಬಿಡುತ್ತ ಬುದ್ಧರ ಬಳಿ ಬಂದ. ಬುದ್ಧರು ಬೈಯಲಿಲ್ಲ, ಉಪವಾಸವಿರು ಎನ್ನಲಿಲ್ಲ. ಎಚ್ಚರದಿಂದ ಅಳತೆ ತಿಳಿದು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಆಯಸ್ಸು ಕಾಯ್ದುಕೊಂಡು ನಿಧಾನವಾಗಿ ಮುಪ್ಪಾಗುತ್ತಾನೆ ಎಂಬರ್ಥದ ನಾಲ್ಕು ಸಾಲು ಹೇಳಿದರು. ರಾಜನ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. ರಾಜ ಅವನಿಗೆ, ಈ ಸಾಲು ಕಲಿತುಕೊಂಡು ನಾನು ಊಟಕ್ಕೆ ಕೂತಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಮೆಲ್ಲಮೆಲ್ಲಗೆ ಊಟ ಒಂದು ನಾಳಿಯ ಅಳತೆಗೆ ಇಳಿಯಿತು. ರಾಜ್ಯ ಆಳುವವನಿಗೂ ತನ್ನ ತಟ್ಟೆಯನ್ನು ಒಬ್ಬನೇ ಆಳಲಾಗಲಿಲ್ಲ, ನೆನಪಿಸಲು ಒಬ್ಬ ಹುಡುಗ ಬೇಕಾಯಿತು.

ಕಳೆದ ಶುಕ್ರವಾರ ಮಾವನ ಮಗ್ಗುಲಲ್ಲಿ ಕೂತು ಈ ಕಥೆ ಹೇಳಿದೆ. ಯಂತ್ರ ತಿರುಗುತ್ತಿತ್ತು, ತೋಳಿನ ಕೊಳವೆಯಲ್ಲಿ ಅವರ ರಕ್ತ ಹೋಗಿ ಬರುತ್ತಿತ್ತು. ಆ ಭಾನುವಾರ ನಾನು ಅರ್ಧ ಹೇಳಿ ತಪ್ಪು ಮಾಡಿದೆ ಮಾವ ಎಂದೆ. ಅವರು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿಂದು ಎಷ್ಟು ಬಂತು ಅಂದೆ?" ಎಂದರು. 86 ಎಂದೆ. "ಮಾತ್ರೆ ಬರ್ಕೊಟ್ಟವ್ರಾ?" ಹೂಂ ಎಂದೆ. "ಇವತ್ತು ನುಂಗಿದ್ಯಾ?"

ಆತುರದಲ್ಲಿ ಬಂದಿದ್ದೆ, ನುಂಗಿರಲಿಲ್ಲ.

ಅವತ್ತಿನಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನನ್ನ ಫೋನು ಹೊಡೆದುಕೊಳ್ಳುತ್ತದೆ. ಡಯಾಲಿಸಿಸ್ ಇರುವ ದಿನ ಬಸ್ಸಿನಿಂದಲೇ ಮಾಡುತ್ತಾರೆ, ಹಾರನ್ನಿನ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ. ಕೇಳುವುದು ಒಂದೇ ಪ್ರಶ್ನೆಯಾದ್ದರಿಂದ ತೊಂದರೆಯೇನಿಲ್ಲ. ನೂರು ಕಹಾಪಣ ಯಾವಾಗ ಕೊಡ್ತೀಯ ಎಂದು ಅತ್ತೆ ಹಿಂದಿನಿಂದ ಕೂಗುತ್ತಾರೆ.

ಬರುವ ಭಾನುವಾರದ ಕೂಟಕ್ಕೆ ಶುಗರ್ ಇರುವವರು ತಮ್ಮ ಚೀಟಿಗಳನ್ನು ತನ್ನಿ. ಮೂತ್ರದ ಪರೀಕ್ಷೆ ಆಗಿಲ್ಲದವರ ಪಟ್ಟಿ ಮಾಡಿಕೊಂಡು ಸೋಮವಾರ ಎಲ್ಲರೂ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ಹೋಗುವುದು ಎಂದಾಗಿದೆ. ನಾನು ಆ ದಿನ ಅರ್ಧ ದಿನ ರಜೆ ಹಾಕಿದ್ದೇನೆ.

ನಮೋ ಬುದ್ಧಾಯ. ಜೈಭೀಮ್.